ಅನ್ನ ಬಿಟ್ಟ ಹದಿನೈದು ದಿನ

ರಾಗಿ ಹೆಚ್ಚೋ ಅಕ್ಕಿ ಹೆಚ್ಚೋ ಎಂಬ ಜಗಳ ನಮ್ಮ ನಾಡಿನಲ್ಲಿ ಇಂದು ನಿನ್ನೆಯದಲ್ಲ. 16ನೆಯ ಶತಮಾನದ ಕನಕದಾಸರು ಈ ಜಗಳವನ್ನೇ ವಸ್ತುವಾಗಿಟ್ಟುಕೊಂಡು ‘ರಾಮಧಾನ್ಯಚರಿತ್ರೆ’ ಬರೆದರು. ಅದರಲ್ಲಿ ವ್ರಿಹಿ ಎಂದರೆ ಭತ್ತ, ನರೆದಲೆಗ ಎಂದರೆ ರಾಗಿ, ಎರಡೂ ತಾನು ಮೇಲು ತಾನು ಮೇಲು ಎಂದು ರಾಮನ ಮುಂದೆ ವಾದಕ್ಕೆ ನಿಲ್ಲುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತಂದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ಬಡವರ ಧಾನ್ಯ ಗೆಲ್ಲುತ್ತದೆ, ರಾಘವನ ಹೆಸರನ್ನೇ ಪಡೆಯುತ್ತದೆ.

ಈಗ ಆ ಇಬ್ಬರಿಗೂ ಹೊಸದೊಂದು ನ್ಯಾಯಸ್ಥಾನ ಬಂದಿದೆ. ಅದು ದೊಡ್ಡ ಆಸ್ಪತ್ರೆಗಳಲ್ಲಿರುವ ಡಯಟಿಷಿಯನ್ನರ ಕೊಠಡಿ. ತೂಕ ಇಳಿಸುವುದಕ್ಕೆ ಹೊಟ್ಟೆಯ ಶಸ್ತ್ರಚಿಕಿತ್ಸೆ, ಅಂದರೆ ಬೇರಿಯಾಟ್ರಿಕ್ ಆಪರೇಷನ್, ಮಾಡಿಸಿಕೊಳ್ಳುವವರು ಅದಕ್ಕೆ ಮೊದಲು ಎರಡು ವಾರ, ಕೆಲವೊಮ್ಮೆ ನಾಲ್ಕು ವಾರ, ಅನ್ನವನ್ನೂ ಬಿಡಬೇಕು, ರಾಗಿಯನ್ನೂ ಬಿಡಬೇಕು. ಅಲ್ಲಿ ವ್ರಿಹಿಯ ವಾದವೂ ನಡೆಯುವುದಿಲ್ಲ, ನರೆದಲೆಗನ ವಾದವೂ ನಡೆಯುವುದಿಲ್ಲ. ಇಬ್ಬರಿಗೂ ಹದಿನೈದು ದಿನ ಗಡೀಪಾರು!

ನಗುವಂತೆ ಕಂಡರೂ ನಮ್ಮ ಹೆಂಗಸರಿಗೆ ಇದು ನಗುವ ವಿಷಯವಲ್ಲ. ಕೆ.ಆರ್.ನಗರದಿಂದ ಹೊಳೆನರಸೀಪುರದ ಕಡೆ ಹೋಗುವ ದಾರಿಯಲ್ಲಿ ಭೇರ್ಯ ಸಿಗುತ್ತದೆ. ನನ್ನ ಚಿಕ್ಕಮ್ಮನ ಮಗಳನ್ನು ಆ ಊರಿಗೆ ಕೊಟ್ಟಿದೆ. ನಲವತ್ತೊಂದು ವರ್ಷ, ನೂರಹನ್ನೆರಡು ಕೆ.ಜಿ. ತೂಕ. ಸಕ್ಕರೆ ಕಾಯಿಲೆ, ಎರಡೂ ಮಂಡಿ ನೋವು, ಮೇಲಾಗಿ ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುವ ಕಷ್ಟ. ಡಾಕ್ಟರು ಆಪರೇಷನ್ ಹೇಳಿದಾಗ ಅವಳು ಹೆದರಲಿಲ್ಲ. ಆದರೆ ಊಟದ ಚೀಟಿ ಕೈಗೆ ಬಂದ ದಿನ ನನಗೆ ಫೋನು ಮಾಡಿದಳು. “ಅಕ್ಕ, ಹದಿನೈದು ದಿನ ಅನ್ನ, ಹಿಟ್ಟು ಎರಡೂ ಮುಟ್ಟಂಗಿಲ್ಲವಂತೆ. ಅತ್ತೆ ಒಪ್ತಾ ಇಲ್ಲ” ಎಂದಳು. ನಮ್ಮ ಕಡೆ ಹಿಟ್ಟು ಎಂದರೆ ಮುದ್ದೆ ಎಂಬುದನ್ನು ಬೇರೆ ಸೀಮೆಯ ಓದುಗರಿಗಾಗಿ ಹೇಳುತ್ತಿದ್ದೇನೆ.

ಅತ್ತೆಯದು ಕೆಟ್ಟ ಮನಸ್ಸಲ್ಲ. ಹೊಟ್ಟೆ ಕೊಯ್ಯಿಸಿಕೊಳ್ಳುವವಳು ಮೊದಲು ಚೆನ್ನಾಗಿ ಉಂಡು ಮೈಯಲ್ಲಿ ಶಕ್ತಿ ತುಂಬಿಕೊಳ್ಳಬೇಕು, ಉಪವಾಸ ಬಿದ್ದು ಹೋದರೆ ತಡೆದುಕೊಳ್ಳುತ್ತಾಳೆಯೇ ಎಂಬುದು ಅವರ ಪ್ರಶ್ನೆ. ಬಾಣಂತಿಗೂ ಜ್ವರ ಬಿಟ್ಟವರಿಗೂ ಉಣಿಸಿ ಎಬ್ಬಿಸಿದ ಕೈ ಕೇಳುವ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡಬೇಕಾದರೆ ಊಟದ ಚೀಟಿಯ ಹಿಂದಿರುವ ಚರಿತ್ರೆಯನ್ನು ತಿಳಿಯಬೇಕು. ಆ ಚರಿತ್ರೆ ಸ್ವಲ್ಪ ಪ್ಯಾರಿಸ್ಸಿನಲ್ಲಿದೆ, ಸ್ವಲ್ಪ ಲಂಡನ್ನಿನಲ್ಲಿದೆ, ಸ್ವಲ್ಪ ಅಮೆರಿಕದಲ್ಲಿದೆ. ಆದರೆ ಅದು ಶುರುವಾಗುವುದು ನಮ್ಮ ತಟ್ಟೆಯಿಂದಲೇ.

ಇಂದಿನ ಕೆ.ಆರ್.ನಗರ ಸೀಮೆ ಹಿಂದೆ ಎಡತೊರೆ ತಾಲ್ಲೂಕು. ಕಾವೇರಿಗೆ ಅಲ್ಲಲ್ಲಿ ಕಟ್ಟೆ ಕಟ್ಟಿ ಕಾಲುವೆ ತೆಗೆದು ಭತ್ತ ಬೆಳೆಯುವುದು ಇಲ್ಲಿ ಬಹಳ ಹಳೆಯ ಕಾಲದಿಂದ ಬಂದದ್ದು. ಆದರೆ ಬೆಳೆದವರೆಲ್ಲ ಅನ್ನ ಉಣ್ಣುತ್ತಿದ್ದರು ಎಂದುಕೊಳ್ಳಬೇಡಿ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿಯವರ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳಿಗೂ ಬಂದಿದ್ದ. ಸೀಮೆಯ ದುಡಿಯುವ ಜನರ ಮುಖ್ಯ ಆಹಾರ ರಾಗಿ ಎಂದೇ ಅವನು ಬರೆದಿಟ್ಟಿದ್ದಾನೆ. ಭತ್ತ ಮಾರುವುದಕ್ಕೆ, ಗೇಣಿಗೆ, ಕಂದಾಯಕ್ಕೆ. ರಾಗಿ ಹೊಟ್ಟೆಗೆ. ಅನ್ನ ಹಬ್ಬಕ್ಕೆ, ನೆಂಟರಿಗೆ, ಕಾಯಿಲೆ ಬಿದ್ದವರಿಗೆ. ನಮ್ಮ ಅಜ್ಜಿಯರ ಬಾಯಲ್ಲಿ ‘ಅನ್ನ ಉಣ್ಣುವ ಮನೆ’ ಎಂದರೆ ಉಳ್ಳವರ ಮನೆ ಎಂದೇ ಅರ್ಥವಿತ್ತು.

ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ವರ್ಷಗಟ್ಟಲೆ ಕೆಡುತ್ತಿರಲಿಲ್ಲ, ಬರಗಾಲಕ್ಕೆ ಅದೇ ಆಸರೆ. ದಿನದಿನದ ಖರ್ಚಿಗೆ ಬೇಕಾದಷ್ಟು ಮಾತ್ರ ಮೇಲಕ್ಕೆ ತೆಗೆದು ಅಡುಗೆಮನೆಯ ಗುಡಾಣದಲ್ಲಿಟ್ಟುಕೊಳ್ಳುತ್ತಿದ್ದರು. ಈ ಗುಡಾಣ, ಹಗೇವುಗಳನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂರುವುದು, ಆಮೇಲೆ ನೀರು ಹೊರುವುದು, ಒನಕೆ ಹಿಡಿದು ಭತ್ತ ಕುಟ್ಟುವುದು, ಗದ್ದೆಗೆ ಇಳಿದು ನಾಟಿ ಮಾಡುವುದು, ಇದೆಲ್ಲ ಹೆಂಗಸರ ಕೆಲಸವಾಗಿತ್ತು. ಆ ಕಷ್ಟವನ್ನು ನಾನು ಹಾಡಿ ಹೊಗಳುವವಳಲ್ಲ. ಹಿಟ್ಟಿನ ಗಿರಣಿ ಬಂದಾಗ ನಮ್ಮ ಅಜ್ಜಿಯರು ಕೈಮುಗಿದರು, ಅದು ಸರಿಯೇ.

ಕಾಲ ಬದಲಾಯಿತು. ಕಾಲುವೆಗಳು ಹೆಚ್ಚಿದವು, 1960ರ ದಶಕದಲ್ಲಿ ಹೆಚ್ಚು ಇಳುವರಿಯ ಗಿಡ್ಡ ಭತ್ತದ ತಳಿಗಳು ಬಂದವು. ಕೆ.ಆರ್.ನಗರಕ್ಕೆ ‘ಭತ್ತದ ಕಣಜ’ ಎಂಬ ಹೆಸರು ನಿಂತಿತು. ರಾಗಿಯೂ ಹಿಂದೆ ಬೀಳಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆದರೂ ತಟ್ಟೆಯಲ್ಲಿ ಗೆದ್ದದ್ದು ಅನ್ನವೇ. ಗಿರಣಿಯಲ್ಲಿ ಪಾಲಿಶ್ ಮಾಡಿದ ಬಿಳಿ ಅಕ್ಕಿ ಅಂಗಡಿಗೆ ಬಂತು, ನ್ಯಾಯಬೆಲೆ ಅಂಗಡಿಗೂ ಬಂತು. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾದಾಗ ಬಡ ಕುಟುಂಬಗಳಿಗೆ ಒಂದು ರೂಪಾಯಿಗೆ ಕೆ.ಜಿ.ಯಂತೆ ತಿಂಗಳಿಗೆ 30 ಕೆ.ಜಿ.ವರೆಗೆ ಅಕ್ಕಿ ಸಿಕ್ಕಿತು. ಹಸಿವು ಕಂಡ ಮನೆಗಳಿಗೆ ಅದೆಷ್ಟು ದೊಡ್ಡ ನೆಮ್ಮದಿ ಎಂಬುದನ್ನು ಹೊಟ್ಟೆ ತುಂಬಿದವರು ಹಗುರವಾಗಿ ಆಡಬಾರದು.

ಆದರೆ ಈ ಬದಲಾವಣೆಯ ಲೆಕ್ಕ ಎಲ್ಲೋ ಒಂದು ಕಡೆ ಬರೆದುಕೊಳ್ಳುತ್ತಲೇ ಇತ್ತು, ನಮ್ಮ ಮೈಮೇಲೆ. ಬೆಳಗ್ಗೆ ದೋಸೆ ಅಥವಾ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಕಾಫಿಯ ಜೊತೆ ಬಿಸ್ಕತ್ತು ಅಥವಾ ಮಂಡಕ್ಕಿ, ರಾತ್ರಿ ಮುದ್ದೆ, ಮುದ್ದೆಯ ಮೇಲೆ ಮತ್ತೆ ಅನ್ನ. ಎಲ್ಲವೂ ಒಂದೇ ಜಾತಿ, ಶರ್ಕರಪಿಷ್ಟ. ಕಾರ್ಬೋಹೈಡ್ರೇಟ್ ಎಂದರೂ ಅದೇ. ಭಾರತೀಯರ ಆಹಾರದ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಇದರಿಂದಲೇ ಬರುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2025ರಲ್ಲಿ ಹೇಳಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚು ತೂಕದವರು 2015-16ರಲ್ಲಿ ನೂರಕ್ಕೆ ಸುಮಾರು 23 ಇದ್ದವರು 2019-20ರ ಹೊತ್ತಿಗೆ ಸುಮಾರು 30 ಆಗಿದ್ದರು. ನಾಲ್ಕೇ ವರ್ಷದ ಅಂತರ.

ದಪ್ಪಗಿರುವವರನ್ನು ಆಡಿಕೊಳ್ಳುವುದು ಮಾತ್ರ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಂಟು ಬಗೆಯ ‘ನಿಂದಿತ’ರ ಪಟ್ಟಿಯಿದೆ. ತೀರ ಎತ್ತರದವರು, ತೀರ ಕುಳ್ಳರು, ಮೈತುಂಬ ಕೂದಲಿರುವವರು, ಕೂದಲೇ ಇಲ್ಲದವರು, ತೀರ ಕಪ್ಪಗಿರುವವರು, ತೀರ ಬೆಳ್ಳಗಿರುವವರು, ತೀರ ದಪ್ಪನೆಯವರು, ತೀರ ಸಣಕಲರು. ಜನ ಯಾರನ್ನು ಕಂಡು ನಗುತ್ತಾರೋ ಅವರನ್ನೆಲ್ಲ ಅಂದೇ ಎಣಿಸಿಟ್ಟಿದ್ದಾರೆ ನೋಡಿ. ಆದರೆ ಚರಕ ನಿಂದಿಸಿ ಸುಮ್ಮನಾಗುವುದಿಲ್ಲ. ಅತಿ ಸ್ಥೂಲತೆಗೆ ಅತಿಯಾದ ಊಟ, ಮೈಗೆ ಕೆಲಸವಿಲ್ಲದಿರುವುದು, ಹಗಲು ನಿದ್ದೆ ಮುಂತಾದ ಕಾರಣಗಳ ಜೊತೆಗೆ ಬೀಜಸ್ವಭಾವ, ಅಂದರೆ ಹುಟ್ಟಿನಿಂದ ಬಂದ ಗುಣವೂ ಕಾರಣ ಎನ್ನುತ್ತಾನೆ. ಎಲ್ಲವೂ ಅವರವರ ತಪ್ಪು ಎಂದು ಹೇಳದಿರುವ ವಿವೇಕ ಅಂದೇ ಇತ್ತು.

ಚಿಕಿತ್ಸೆಯ ಆಹಾರದಲ್ಲಿ ಅವನು ಹೆಸರಿಸುವ ಧಾನ್ಯಗಳು ಜವೆ, ನವಣೆ, ಹಾರಕ, ಹುರುಳಿ, ಹೆಸರು ಮೊದಲಾದವು. ಸಿಹಿಮೂತ್ರದ ಕಾಯಿಲೆಗೆ ಕಾರಣ ಹೇಳುವಾಗ ಮೊಸರು, ಹಾಲು, ಬೆಲ್ಲದ ತಿಂಡಿಗಳ ಜೊತೆ ಹೊಸ ಧಾನ್ಯದ ಊಟವನ್ನೂ ಸೇರಿಸುತ್ತಾನೆ. ನಮ್ಮ ಹಿರಿಯರು ಹೊಸ ಅಕ್ಕಿಯನ್ನು ಒಂದು ವರ್ಷ ಹಳೆಯದಾಗಲು ಬಿಡುತ್ತಿದ್ದುದನ್ನು ಇದರೊಡನೆ ನೆನೆಯಬಹುದು.

ಇನ್ನು ಪ್ಯಾರಿಸ್ಸಿಗೆ ಹೋಗೋಣ. 1850ರ ಆಸುಪಾಸಿನಲ್ಲಿ ಅಲ್ಲಿ ಕ್ಲಾಡ್ ಬರ್ನಾರ್ಡ್ ಎಂಬ ದೊಡ್ಡ ಶರೀರವಿಜ್ಞಾನಿ ಇದ್ದ. ಸಕ್ಕರೆಯನ್ನೇ ತಿನ್ನದ ಪ್ರಾಣಿಯ ರಕ್ತದಲ್ಲೂ ಸಕ್ಕರೆ ಇರುವುದೇಕೆ ಎಂದು ಹುಡುಕುತ್ತ ಹೋಗಿ, ಅದನ್ನು ಪಿತ್ತಜನಕಾಂಗ ಮಾಡಿಕೊಡುತ್ತದೆ ಎಂದು ಕಂಡುಹಿಡಿದ. ಪಿತ್ತಜನಕಾಂಗವೆಂದರೆ ನಾವು ಲಿವರ್ ಎನ್ನುವುದು. ನಾವು ಉಂಡ ಅನ್ನ, ಮುದ್ದೆ ಕರಗಿ ಸಕ್ಕರೆಯಾಗಿ, ಅದರಲ್ಲಿ ಒಂದಿಷ್ಟು ಲಿವರಿನಲ್ಲಿ ಗ್ಲೈಕೋಜೆನ್ ಎಂಬ ರೂಪದಲ್ಲಿ ಸೇರಿಕೊಂಡಿರುತ್ತದೆ. ಹಸಿದಾಗ ಅದೇ ಮತ್ತೆ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಇದೇ ಮೈಯೊಳಗಿನ ಗುಡಾಣ. ಇದರಲ್ಲಿ ಹಿಡಿಸುವುದು ಹೆಚ್ಚೆಂದರೆ ನೂರು ಗ್ರಾಂ ಚಿಲ್ಲರೆ. ಮಾಂಸಖಂಡಗಳಲ್ಲಿ ಇನ್ನೂ ಸ್ವಲ್ಪ ಹಿಡಿಸುತ್ತದೆ. ಗುಡಾಣ ತುಂಬಿ ತುಳುಕಿದ್ದೆಲ್ಲ ಕೊಬ್ಬಾಗಿ ಹಗೇವಿಗೆ ಇಳಿಯುತ್ತದೆ. ನೆಲದ ಹಗೇವಿಗೆ ಒಂದು ಅಳತೆಯಿತ್ತು, ಮೈಯ ಹಗೇವು ತುಂಬಿದಷ್ಟೂ ಹಿಗ್ಗುತ್ತದೆ. ಅಲ್ಲಿಯೂ ಸಾಲದಾದಾಗ ಕೊಬ್ಬು ಲಿವರಿನೊಳಗೇ ಸೇರತೊಡಗುತ್ತದೆ.

ಬರ್ನಾರ್ಡನ ಉಪನ್ಯಾಸ ಕೇಳಿ ಬಂದಿದ್ದ ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯ ಲಂಡನ್ನಿನಲ್ಲಿದ್ದ. 1862ರಲ್ಲಿ ಅವನ ಬಳಿಗೆ ಕಿವಿ ಕೇಳಿಸುತ್ತಿಲ್ಲ ಎಂದು ಒಬ್ಬರು ಹೋದರು. ಹೆಸರು ವಿಲಿಯಂ ಬಾಂಟಿಂಗ್, ವಯಸ್ಸು ಅರವತ್ತೈದರ ಮೇಲೆ, ಉದ್ಯೋಗ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು. ರಾಜಮನೆತನದ ಅಂತ್ಯಸಂಸ್ಕಾರಗಳನ್ನೂ ಅವರ ಮನೆತನವೇ ನೋಡಿಕೊಳ್ಳುತ್ತಿತ್ತು. ಐದೂಕಾಲು ಅಡಿಗೆ ಸ್ವಲ್ಪ ಮೇಲಿನ ಎತ್ತರಕ್ಕೆ 202 ಪೌಂಡು, ಅಂದರೆ ಸುಮಾರು 92 ಕೆ.ಜಿ. ತೂಕ. ಬಗ್ಗಿ ಬೂಟಿನ ದಾರ ಕಟ್ಟಲಾಗುತ್ತಿರಲಿಲ್ಲ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕಾಗಿತ್ತು. ದೋಣಿ ನಡೆಸಿ ನೋಡಿದ್ದರು, ಸ್ನಾನಗಳನ್ನು ಮಾಡಿ ನೋಡಿದ್ದರು, ಯಾವುದರಿಂದಲೂ ತೂಕ ಇಳಿದಿರಲಿಲ್ಲ. ಕಿವಿಯ ತೊಂದರೆಗೂ ಮೈಯ ಕೊಬ್ಬೇ ಕಾರಣವಿರಬಹುದೆಂದು ಹಾರ್ವೆ ಅವರಿಗೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗೆಡ್ಡೆ, ಹಾಲು, ಬೆಣ್ಣೆ ಬಿಡಿಸಿದ. ಮಾಂಸ, ಮೀನು, ತರಕಾರಿ ತಿನ್ನಿರಿ ಎಂದ. ಒಂದು ವರ್ಷದಲ್ಲಿ ಬಾಂಟಿಂಗ್ ಸುಮಾರು 21 ಕೆ.ಜಿ. ಇಳಿದರು. ಕಿವಿಯೂ ಸುಧಾರಿಸಿತು.

1863ರಲ್ಲಿ ಅವರು ಸ್ಥೂಲಕಾಯದ ವಿಷಯವಾಗಿ ಸಾರ್ವಜನಿಕರಿಗೆ ಒಂದು ಪತ್ರವನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿದರು. ಬೀದಿಯಲ್ಲಿ, ವಾಹನದಲ್ಲಿ ಜನ ಆಡಿಕೊಳ್ಳುವ ಮಾತಿನ ನೋವನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಚರಕನ ಪಟ್ಟಿಯ ‘ನಿಂದಿತ’ರಲ್ಲಿ ಒಬ್ಬರು ತಾವೇ ಎದ್ದು ನಿಂತು ಮಾತಾಡಿದಂತೆ ಇದೆ ಅದು. ಪುಸ್ತಕ ಎಷ್ಟು ಹೆಸರಾಯಿತೆಂದರೆ ಇಂಗ್ಲಿಷಿನಲ್ಲಿ ತೂಕ ಇಳಿಸುವುದಕ್ಕೇ ಬಾಂಟಿಂಗ್ ಮಾಡುವುದು ಎಂಬ ಮಾತು ಬಂತು. ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ಪಥ್ಯಕ್ಕೆ ಅವರ ಹೆಸರೇ ಕ್ರಿಯಾಪದ.

ಆಮೇಲೆ ಈ ಪಥ್ಯ ಮೇಲೆದ್ದಿದೆ, ಮರೆತುಹೋಗಿದೆ, ಮತ್ತೆ ಮೇಲೆದ್ದಿದೆ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕುವ ಮೊದಲು ಸಕ್ಕರೆ ಕಾಯಿಲೆಯ ಮಕ್ಕಳನ್ನು ಕೆಲವು ಕಾಲವಾದರೂ ಬದುಕಿಸಿಡಲು ಇದ್ದ ದಾರಿ ಎಂದರೆ ಅಮೆರಿಕದ ಫ್ರೆಡರಿಕ್ ಅಲೆನ್ ಮುಂತಾದವರ ಕಠಿಣ ಪಥ್ಯ, ಹೆಚ್ಚುಕಡಿಮೆ ಉಪವಾಸವೇ. ಇನ್ಸುಲಿನ್ ಬಂದ ಮೇಲೆ ಆ ಕಾಠಿಣ್ಯ ಬೇಕಾಗಲಿಲ್ಲ. 1972ರಲ್ಲಿ ನ್ಯೂಯಾರ್ಕಿನ ಹೃದಯವೈದ್ಯ ರಾಬರ್ಟ್ ಅಟ್ಕಿನ್ಸ್ ಪುಸ್ತಕ ಬರೆದು ಬಾಂಟಿಂಗನ ಮಾತನ್ನೇ ಹೊಸ ವೇಷದಲ್ಲಿ ಮನೆಮನೆಗೆ ತಲುಪಿಸಿದರು. ಪರ ವಿರೋಧದ ವಾದಗಳು ಇಂದಿಗೂ ಮುಗಿದಿಲ್ಲ. ವರ್ಷಗಟ್ಟಲೆ ಅನ್ನ ಬಿಟ್ಟಿರುವುದು ಕಷ್ಟ, ಬಿಟ್ಟವರಲ್ಲಿ ಬಹಳ ಮಂದಿ ಮತ್ತೆ ಹಳೆಯ ತೂಕಕ್ಕೆ ಬರುತ್ತಾರೆ.

ಈ ‘ಮತ್ತೆ ಬರುವ’ ತೂಕವೇ ವೈದ್ಯರನ್ನು ಶಸ್ತ್ರಚಿಕಿತ್ಸೆಯ ಕಡೆ ತಿರುಗಿಸಿತು. 1954ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕ್ರೆಮೆನ್, ಲಿನ್ನರ್ ಮೊದಲಾದವರು ಸಣ್ಣಕರುಳಿನ ಬಹುಭಾಗವನ್ನು ಬಳಸಿ ಹೋಗುವಂತೆ ಜೋಡಿಸುವ ವಿಧಾನವನ್ನು ವರದಿ ಮಾಡಿದರು. ತೂಕ ಇಳಿಯಿತು, ಆದರೆ ಇಂಥ ಆಪರೇಷನ್ ಆದವರಲ್ಲಿ ಭೇದಿ, ಲಿವರಿನ ಹಾನಿ ಕಾಣಿಸಿ ಮುಂದೆ ಅದನ್ನು ಕೈಬಿಡಬೇಕಾಯಿತು. ಅಯೋವಾದ ಎಡ್ವರ್ಡ್ ಮೇಸನ್ ಎಂಬ ಸರ್ಜನ್, ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡ ಹೆಂಗಸರು ಆಮೇಲೆ ದಪ್ಪವಾಗುವುದಿಲ್ಲವೆಂದು ಗಮನಿಸಿದರು. ಅದರಿಂದ ಹೊಳೆದದ್ದೇ 1966ರ ಗ್ಯಾಸ್ಟ್ರಿಕ್ ಬೈಪಾಸ್. ಈಗ ಹೆಚ್ಚು ನಡೆಯುವ ‘ಸ್ಲೀವ್’ ಎಂಬುದರಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚು ತೆಗೆದು, ಉಳಿದದ್ದನ್ನು ಅಂಗಿಯ ತೋಳಿನ ಹಾಗೆ ಕಿರಿದಾದ ಕೊಳವೆ ಮಾಡುತ್ತಾರೆ. 1990ರ ದಶಕದಿಂದ ಇವೆಲ್ಲ ಲ್ಯಾಪರೋಸ್ಕೋಪಿಗೆ ಬಂದವು. ಹೊಟ್ಟೆ ಸೀಳುವುದಿಲ್ಲ, ನಾಲ್ಕೈದು ಸಣ್ಣ ತೂತುಗಳಲ್ಲಿ ಕ್ಯಾಮೆರಾ ಮತ್ತು ಕಡ್ಡಿಯಂಥ ಉಪಕರಣಗಳನ್ನು ಇಳಿಸಿ ಕೆಲಸ ಮಾಡುತ್ತಾರೆ.

ಅತ್ತೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಲಿವರಿನ ಎಡಭಾಗ ಜಠರದ ಮೇಲೆ ಮುಚ್ಚಳದ ಹಾಗೆ ಮಲಗಿರುತ್ತದೆ. ಜಠರ ಕಾಣಬೇಕಾದರೆ ಅದನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು. ಬಹಳ ದಪ್ಪಗಿರುವವರಲ್ಲಿ ಅದು ಕೊಬ್ಬು ತುಂಬಿ ಊದಿ ಭಾರವಾಗಿರುತ್ತದೆ, ಹಿಡಿದರೆ ಹರಿದು ರಕ್ತ ಬರಬಹುದು. ಕೆಲವೊಮ್ಮೆ ದಾರಿಯೇ ಕಾಣದೆ ದೊಡ್ಡದಾಗಿ ಕೊಯ್ಯಬೇಕಾಗುತ್ತದೆ, ಇಲ್ಲವೇ ಆಪರೇಷನ್ನನ್ನೇ ನಿಲ್ಲಿಸಬೇಕಾಗುತ್ತದೆ. ಅನ್ನ, ಹಿಟ್ಟು ನಿಲ್ಲಿಸಿದರೆ ಗುಡಾಣ ಮೊದಲು ಖಾಲಿಯಾಗುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ, ಆ ನೀರೂ ಹೋಗುತ್ತದೆ. ಮೊದಲ ವಾರದಲ್ಲೇ ತೂಕ ಸರ್ರನೆ ಇಳಿಯುವುದು ಇದರಿಂದ. ಗುಡಾಣ ಬರಿದಾದ ಮೇಲೆ ದೇಹ ಕೊಬ್ಬಿಗೆ ಕೈಹಾಕುತ್ತದೆ, ಲಿವರಿನೊಳಗಿನ ಕೊಬ್ಬು ಬೇಗ ಕರಗುತ್ತದೆ. ಆಸ್ಟ್ರೇಲಿಯಾದ ವೈದ್ಯರು ಆಪರೇಷನ್ನಿಗೆ ಕಾದಿದ್ದ 32 ಮಂದಿಗೆ 12 ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ಲಿವರನ್ನು ಅಳೆದು 2006ರಲ್ಲಿ ಪ್ರಕಟಿಸಿದರು. ಲಿವರಿನ ಗಾತ್ರ ಐದರಲ್ಲಿ ಒಂದು ಪಾಲಿನಷ್ಟು ಇಳಿದಿತ್ತು. ಆ ಇಳಿಕೆಯಲ್ಲಿ ನೂರಕ್ಕೆ 80ರಷ್ಟು ಮೊದಲ ಎರಡು ವಾರದಲ್ಲೇ ಆಗಿತ್ತು. ಚೀಟಿಯಲ್ಲಿ ಹದಿನೈದು ದಿನ ಎಂದಿರುವುದಕ್ಕೆ ಅರ್ಥವಿದೆ.

ಎಲ್ಲರೂ ಪತ್ರಿಕೆಗಳಲ್ಲಿ ಓದಿದ ಒಂದು ಪ್ರಸಂಗವನ್ನೂ ಹೇಳಬಹುದು. 2017ರ ಫೆಬ್ರವರಿಯಲ್ಲಿ ಈಜಿಪ್ಟಿನ ಎಮಾನ್ ಅಹ್ಮದ್ ಎಂಬ ಹೆಣ್ಣುಮಗಳನ್ನು ಸರಕು ವಿಮಾನದಲ್ಲಿ ಮುಂಬಯಿಗೆ ತಂದರು. ತೂಕ ಸುಮಾರು 500 ಕೆ.ಜಿ. ಎಂದು ವರದಿಯಾಗಿತ್ತು. ತಂದ ಕೂಡಲೇ ಆಪರೇಷನ್ ಮಾಡಲಿಲ್ಲ. ವಾರಗಟ್ಟಲೆ ದ್ರವಾಹಾರ ಕೊಟ್ಟು, ನೂರು ಕೆ.ಜಿ.ಗೂ ಹೆಚ್ಚು ಇಳಿದ ಮೇಲೆ ಮಾರ್ಚಿಯಲ್ಲಿ ಆಪರೇಷನ್ ಮಾಡಿದರು. ಆಕೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಬುಧಾಬಿಯಲ್ಲಿ ತೀರಿಕೊಂಡರು. ಹೃದಯ, ಮೂತ್ರಪಿಂಡಗಳು ಸೋತಿದ್ದವು. ಆಪರೇಷನ್ ಮಂತ್ರದಂಡವಲ್ಲ ಎಂಬುದಕ್ಕೂ, ಅದಕ್ಕೆ ಮೊದಲಿನ ಪಥ್ಯ ಚಿಕಿತ್ಸೆಯ ಭಾಗವೇ ಎಂಬುದಕ್ಕೂ ಆಕೆಯ ಕಥೆ ಸಾಕ್ಷಿ.

ಇದು ಸೌಂದರ್ಯದ ಹುಚ್ಚು ಎನ್ನುವವರೂ ಇದ್ದಾರೆ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಇಪ್ಪತ್ತೊಂದು ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ತೀರಿಕೊಂಡ ಸುದ್ದಿ ಬಂದಾಗಿನಿಂದ ನಮ್ಮ ಮನೆಗಳಲ್ಲಿ ಎಲ್ಲವನ್ನೂ ಒಂದೇ ಎಂದು ತಿಳಿದು ಹೆದರುತ್ತಾರೆ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಆಕಾರಕ್ಕಾಗಿ. ಜಠರದ ಆಪರೇಷನ್ ಕಾಯಿಲೆಗಾಗಿ. ಎರಡರಲ್ಲೂ ಅಪಾಯ ಇದ್ದೇ ಇದೆ, ಆದರೆ ಉದ್ದೇಶ ಬೇರೆ, ಹೇಳುವ ಕಾರಣ ಬೇರೆ.

ನಮ್ಮವರಿಗೆ ಕಾಯಿಲೆ ಕಡಿಮೆ ತೂಕದಲ್ಲೇ ಅಂಟುತ್ತದೆ ಎಂಬುದೂ ಗೊತ್ತಾಗಿದೆ. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಚಿತ್ರ ಪ್ರಕಟಿಸಿದರು. ಅದರಲ್ಲಿ ಅವರೂ ಇಂಗ್ಲೆಂಡಿನ ಡಾ. ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ ಒಂದೇ. ಆದರೆ ಮೈಯಲ್ಲಿನ ಕೊಬ್ಬು ಇಂಗ್ಲೆಂಡಿನವರಲ್ಲಿ ನೂರಕ್ಕೆ 9, ನಮ್ಮವರಲ್ಲಿ ನೂರಕ್ಕೆ 21! ಮೈಸೂರಿನಲ್ಲೇ ಇದಕ್ಕೆ ಹತ್ತಿರದ ಒಂದು ಹುಡುಕಾಟ ನಡೆದಿದೆ. ನಾವು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟ ಹಳೆಯ ದಪ್ಪ ಪುಸ್ತಕಗಳಿದ್ದವು. 1990ರ ದಶಕದಲ್ಲಿ ಸಂಶೋಧಕರು ಆ ಕೂಸುಗಳನ್ನು, ಅಂದರೆ ನಡುವಯಸ್ಸು ಮುಟ್ಟಿದ ಅಪ್ಪ ಅಮ್ಮಂದಿರನ್ನು, ಮೈಸೂರಿನ ಬೀದಿಗಳಲ್ಲಿ ಹುಡುಕಿ ತೆಗೆದು ಪರೀಕ್ಷಿಸಿದರು. ಹುಟ್ಟುವಾಗಿನ ಮೈಕಟ್ಟಿಗೂ ತಾಯಿಯ ತೂಕಕ್ಕೂ ಮುಂದೆ ಬರುವ ಹೃದ್ರೋಗ, ಸಕ್ಕರೆ ಕಾಯಿಲೆಗಳಿಗೂ ನಂಟು ಕಂಡಿತು. ಬೀಜಸ್ವಭಾವ ಎಂದು ಚರಕ ಹೇಳಿದ ಮಾತಿಗೆ ಗರ್ಭಸ್ವಭಾವವನ್ನೂ ಸೇರಿಸಬೇಕಾಯಿತು. ಇಷ್ಟೆಲ್ಲ ಗೊತ್ತಿದ್ದೂ ದಪ್ಪಗಿರುವ ಹೆಂಗಸನ್ನು ‘ತಿಂದು ತಿಂದು ಹೀಗಾದಳು’ ಎನ್ನುವುದು ಅನ್ಯಾಯ.

ಇನ್ನು ರಾಗಿಯ ವಿಚಾರ. ರಾಗಿ ಒಳ್ಳೆಯದು, ಡಾಕ್ಟರಿಗೆ ಗೊತ್ತಿಲ್ಲ ಎಂದು ನಮ್ಮ ಕಡೆ ವಾದ ಮಾಡುತ್ತಾರೆ. ರಾಗಿ ಒಳ್ಳೆಯದೇ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲ್ಪಟ್ಟು ಸುಣ್ಣದಂಶವಿದೆ, ಅಕ್ಕಿಯಲ್ಲಿ ಇಲ್ಲದಷ್ಟು ನಾರಿದೆ. ಆದರೆ ಶರ್ಕರಪಿಷ್ಟದ ಲೆಕ್ಕದಲ್ಲಿ ಅದು ಅಕ್ಕಿಯ ತಮ್ಮನೇ. ಅಕ್ಕಿಯಲ್ಲಿ ನೂರಕ್ಕೆ ಸುಮಾರು 78 ಪಾಲು ಇದ್ದರೆ ರಾಗಿಯಲ್ಲಿ 67ರಿಂದ 72. ಕೆಂಪು ರಾಜಮುಡಿ ಅಕ್ಕಿಯದೂ ಇದೇ ಕಥೆ, ಗೋಧಿ ಚಪಾತಿಯದೂ ಇದೇ ಕಥೆ. ದಿನನಿತ್ಯದ ಊಟಕ್ಕೆ ಬಿಳಿ ಅಕ್ಕಿಗಿಂತ ಮುದ್ದೆ ಮೇಲು, ಲಿವರ್ ಇಳಿಸುವ ಹದಿನೈದು ದಿನಕ್ಕೆ ಮಾತ್ರ ಎರಡೂ ಬೇಡ.

ಹಾಗಾದರೆ ಭೇರ್ಯದ ಅಡುಗೆಮನೆಯಲ್ಲಿ ಉಳಿಯುವುದೇನು? ಬಹಳವಿದೆ. ನನ್ನ ತಂಗಿಯ ಚೀಟಿಯಲ್ಲಿ ಬೆಳಗ್ಗೆ ಮೊಟ್ಟೆ, ಹನ್ನೊಂದಕ್ಕೆ ನೀರು ಮಜ್ಜಿಗೆ, ಮಧ್ಯಾಹ್ನ ಒಂದು ಬಟ್ಟಲು ಸೊಪ್ಪಿನ ಪಲ್ಯದ ಜೊತೆ ಪನೀರು ಅಥವಾ ಎಣ್ಣೆ ಹಾಕದ ಕೋಳಿ, ಸಂಜೆ ನೀರಿನಲ್ಲಿ ಕದಡಿದ ಪ್ರೋಟೀನ್ ಪುಡಿ, ರಾತ್ರಿ ತರಕಾರಿ ಸೂಪು ಮತ್ತು ಮೊಟ್ಟೆಯ ಬಿಳಿ. ಎಲ್ಲ ಸೇರಿ ದಿನಕ್ಕೆ ಸಾವಿರ ಕ್ಯಾಲೊರಿ ಮೀರುವಂತಿಲ್ಲ. ಬಸ್ಸಾರಿನ ಸೊಪ್ಪು ತಿನ್ನಬಹುದು, ಕಾಳು ಅಳತೆಯಲ್ಲಿ. ಹುರುಳಿಯಲ್ಲಿ ಪ್ರೋಟೀನು ನೂರಕ್ಕೆ 22ರಷ್ಟಿದ್ದರೂ ಶರ್ಕರಪಿಷ್ಟವೂ ಅರ್ಧಕ್ಕಿಂತ ಹೆಚ್ಚಿದೆ ಎಂದು ಡಯಟಿಷಿಯನ್ ಹೇಳಿದರಂತೆ. ಮೊದಲ ಮೂರು ದಿನ ತಲೆನೋವು, ಸಿಡುಕು, ಬಾಯಿವಾಸನೆ. ನಾಲ್ಕನೆಯ ದಿನದಿಂದ ಹಸಿವೇ ತಗ್ಗಿತು ಎಂದಳು. ಗುಡಾಣ ಬರಿದಾಗಿ ಹಗೇವು ತೆರೆದುಕೊಂಡಿತ್ತು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ತಾವಾಗಿಯೇ ಅನ್ನ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಇನ್ನು ಕೆಲವು ಮಾತ್ರೆಗಳಿಂದ ರಕ್ತದಲ್ಲಿ ಆಮ್ಲ ಏರುವ ಅಪಾಯವೂ ಇದೆ. ಅವಳ ಇನ್ಸುಲಿನ್ ಪ್ರಮಾಣವನ್ನು ಡಾಕ್ಟರು ಮೊದಲ ದಿನವೇ ಇಳಿಸಿದ್ದರು. ಪಕ್ಕದ ಮನೆಯವರ ಚೀಟಿ ನೋಡಿ ಯಾರೂ ಇದನ್ನು ಮಾಡಬಾರದು.

ಅವಳಿಗೆ ಕಷ್ಟವಾದದ್ದು ಹಸಿವಲ್ಲ. ಬೆಳಗ್ಗೆ ಎಲ್ಲರಿಗೂ ದೋಸೆ ಹುಯ್ದು, ಮಧ್ಯಾಹ್ನ ಅನ್ನ ಬಸಿದು, ರಾತ್ರಿ ಮುದ್ದೆ ತೊಳಸಿ, ಎಲ್ಲರೂ ಎದ್ದ ಮೇಲೆ ಪಾತ್ರೆಯಲ್ಲಿ ಮಿಕ್ಕಿದ್ದನ್ನು ಚೆಲ್ಲಲಾರದೆ ತಿನ್ನುವುದು ಅವಳ ಇಪ್ಪತ್ತು ವರ್ಷದ ಊಟ. ಮಗ ಬಿಟ್ಟ ಅರ್ಧ ದೋಸೆ, ತಳ ಹಿಡಿದ ಹಿಡಿ ಅನ್ನ. ಅನ್ನ ಚೆಲ್ಲಿದರೆ ಪಾಪ ಎಂದು ಕಲಿಸಿದ ಮನೆಗಳಲ್ಲಿ ಆ ಪಾಪವನ್ನು ತಪ್ಪಿಸುವ ಪಾತ್ರೆ ಯಾವಾಗಲೂ ಹೆಂಗಸಿನ ಹೊಟ್ಟೆಯೇ. ಚೀಟಿ ಬಂದ ಮೇಲೆ ಮೊದಲ ಸಲ ಅವಳಿಗೆಂದೇ ಒಲೆಯ ಮೇಲೆ ಒಂದು ಬಾಣಲೆ ಬೇಕಾಯಿತು, ಅವಳಿಗೆಂದೇ ಹೊತ್ತು ಗೊತ್ತು ಬೇಕಾಯಿತು. “ನನಗೊಬ್ಬಳಿಗೇ ಅಂತ ಅಡುಗೆ ಮಾಡಿಕೊಳ್ಳೋಕೆ ನಾಚಿಕೆಯಾಗುತ್ತೆ ಅಕ್ಕ” ಎಂದಳು. ಲಿವರಿನ ಮಾತನ್ನು ಅವಳ ಅತ್ತೆಗೆ ನಾನು ಗುಡಾಣ, ಹಗೇವಿನ ಲೆಕ್ಕದಲ್ಲೇ ಬಿಡಿಸಿ ಹೇಳಿದೆ. ಹಗೇವು ತೆಗೆಸಿ ಕಂಡವರು ಅವರು, ಚಟ್ಟನೆ ಹಿಡಿದರು. ಮರುದಿನದಿಂದ ಅವರೇ ಸೊಪ್ಪು ಬೇಯಿಸಿದರು, ಮಿಕ್ಕ ಅನ್ನವನ್ನು ಎಮ್ಮೆಯ ಕಲಗಚ್ಚಿಗೆ ಹಾಕಿದರು. ಹದಿನೈದು ದಿನದಲ್ಲಿ ಐದು ಕೆ.ಜಿ. ಇಳಿದಿತ್ತು. ಆಪರೇಷನ್ ಸಣ್ಣ ತೂತುಗಳಲ್ಲೇ ಮುಗಿಯಿತು.

ಆಪರೇಷನ್ ಆದ ಮೇಲಿನ ಬದುಕು ಸುಲಭವೆಂದು ಯಾರೂ ಹೇಳುವುದಿಲ್ಲ. ಹಿಡಿಯಷ್ಟು ಊಟ, ಮೊದಲು ಪ್ರೋಟೀನು, ಆಮೇಲೆ ತರಕಾರಿ, ಜಾಗ ಉಳಿದರೆ ಎರಡು ಚಮಚ ಅನ್ನ. ಊಟದ ಜೊತೆ ನೀರು ಕುಡಿಯುವಂತಿಲ್ಲ. ಬಿ-12, ಕಬ್ಬಿಣ, ಸುಣ್ಣದಂಶದ ಮಾತ್ರೆಗಳು ಜೀವಮಾನವಿಡೀ. ಕೆಲವು ತಿಂಗಳು ಕೂದಲು ಉದುರುತ್ತದೆ. ಮಕ್ಕಳು ಬೇಕೆನ್ನುವವರು ಒಂದು ಒಂದೂವರೆ ವರ್ಷ ತಡೆಯಬೇಕು. ಮಾತ್ರೆ ಬಿಟ್ಟವರಿಗೆ ನರದ ತೊಂದರೆ, ರಕ್ತಹೀನತೆ ಬರುತ್ತದೆ. ಇದೆಲ್ಲ ಕೇಳಿ ತಿಳಿದು ಒಪ್ಪಬೇಕಾದ ವಿಷಯ.

ಓದುವ ಸೋದರಿಯರ ಮನೆಯಲ್ಲೂ ಯಾರಿಗಾದರೂ ಇಂಥ ಚೀಟಿ ಬರಬಹುದು. ಆಗ ಅನ್ನದ ಚರಿತ್ರೆಯನ್ನು ಪೂರ್ತಿ ಬಿಡಿಸಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಒಂದು ಕೆಲಸ ಮಾಡಿ. ಆ ಹದಿನೈದು ದಿನ ಅವಳ ಬಾಣಲೆಯನ್ನು ಮೊದಲು ಒಲೆಗಿಡಿ, ಮನೆಯವರಿಗೆ ಆಮೇಲೆ ಬಡಿಸಿದರೂ ಯಾರೂ ಬಡವಾಗುವುದಿಲ್ಲ. ಪಾತ್ರೆಯಲ್ಲಿ ಮಿಕ್ಕಿದ್ದನ್ನು ಅವಳ ಮುಂದೆ ಇಡಬೇಡಿ. ‘ಒಂದು ತುತ್ತು ತಿಂದರೆ ಏನಾಗುತ್ತದೆ’ ಎಂದು ಯಾರಾದರೂ ಪ್ರೀತಿಯಿಂದ ಕೇಳಿದರೆ, ಗುಡಾಣ ಮತ್ತೆ ತುಂಬುತ್ತದೆ ಎಂದು ಅಷ್ಟೇ ಪ್ರೀತಿಯಿಂದ ಹೇಳಿ.